ತೆರಪಿನ ಶಿಕ್ಷಣದಲ್ಲಿ ತೆರಪು ಉಳಿಯಲಿ

ಇವರಿಗೆ,
ದೂರಶಿಕ್ಷಣ ನಡೆಸುತ್ತಿರುವ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು ಮತ್ತು ಮೌಲ್ಯಮಾಪನ ಕುಲಸಚಿವರು

ವಿಷಯ: ಸಂಸಾರ ಮತ್ತು ಕೆಲಸದ ಜೊತೆಗೆ ಓದುವವರ ಮೇಲೆ ಹೆಚ್ಚುತ್ತಿರುವ ಪತ್ರಿಕೆಗಳ ಹೊರೆಯ ಬಗ್ಗೆ.

ಮಾನ್ಯರೆ,

ನಾನು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಿ.ಎ., ಬಿ.ಎಡ್. ಮುಗಿಸಿ ಹದಿಮೂರು ವರ್ಷವಾಯಿತು. ಮನೆಯಲ್ಲಿ ಎಂಟನೇ ತರಗತಿಯ ಮಗಳು, ಎರಡನೇ ತರಗತಿಯ ಮಗ, ಸಕ್ಕರೆ ಕಾಯಿಲೆಯಿಂದ ಬಳಲುತ್ತಿರುವ ಅತ್ತೆ, ಮೂರು ಎಕರೆಯಲ್ಲಿ ಕಡಲೆಕಾಯಿ, ರಾಗಿ ಬೆಳೆದುಕೊಂಡು ಉಳಿದ ದಿನಗಳಲ್ಲಿ ಟೆಂಪೊ ಓಡಿಸುವ ನಮ್ಮ ಯಜಮಾನರು ಇದ್ದಾರೆ. ದೂರಶಿಕ್ಷಣದಲ್ಲಿ ಎಂ.ಎ. ಕನ್ನಡ ಓದುತ್ತಿದ್ದೇನೆ. ಈಗ ಮೂರನೇ ಸೆಮಿಸ್ಟರ್.

ನಾನು ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಮಾತು ಒಂದು ಸಂಸ್ಥೆಯ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ಬೇರೆ ಬೇರೆ ಕಡೆ ದೂರಶಿಕ್ಷಣ ಮಾಡುತ್ತಿರುವ ನನ್ನ ಪರಿಚಯದವರನ್ನು ಕೇಳಿದ್ದೇನೆ. ಹೆಚ್ಚು ಕಡಿಮೆ ಇದೇ ಕಥೆ ಹೇಳುತ್ತಾರೆ. ಆದ್ದರಿಂದ ಈ ಪತ್ರ ನಿಮ್ಮೆಲ್ಲರಿಗೂ.

ಮೊದಲಿಗೆ ಒಂದು ಕೃತಜ್ಞತೆ ಹೇಳಲೇಬೇಕು. ದೂರಶಿಕ್ಷಣ ಇಲ್ಲದಿದ್ದರೆ ನನ್ನಂಥವಳಿಗೆ ಎಂ.ಎ. ಎಂಬುದು ಆಸೆಯಾಗಿಯೇ ಉಳಿಯುತ್ತಿತ್ತು. ಭಾರತದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಳಿಸಲು ಶುರುಮಾಡಿತು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅದೇ ದಾರಿ ಹಿಡಿಯಿತು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಬಂದವು. ಅಂಗಡಿಯಲ್ಲಿ ಕೂತವರು, ಬ್ಯಾಂಕಿನ ಗುಮಾಸ್ತರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಹೀಗೆ ಎಷ್ಟೋ ಜನ ಈ ಬಾಗಿಲಿನಿಂದ ಒಳಗೆ ಬಂದಿದ್ದಾರೆ.

ಆ ಕಾಲದಲ್ಲಿ ಕನ್ನಡದಲ್ಲಿ ಇದನ್ನು ಅಂಚೆ ಮತ್ತು ತೆರಪಿನ ಶಿಕ್ಷಣ ಎಂದು ಕರೆಯುತ್ತಿದ್ದರು. ಎಷ್ಟು ಒಳ್ಳೆಯ ಮಾತು ಅದು! ತೆರಪು ಎಂದರೆ ಎರಡು ಕೆಲಸದ ನಡುವೆ ಸಿಗುವ ಬಿಡುವು, ಸಂದು. ಒಲೆಯ ಮೇಲೆ ಎಸರು ಕುದಿಯುವಷ್ಟು ಹೊತ್ತು, ಬಸ್ಸಿಗೆ ಕಾಯುವಷ್ಟು ಹೊತ್ತು, ಮಕ್ಕಳು ಮಲಗಿದ ಮೇಲಿನ ಹೊತ್ತು. ಇಂಥ ತೆರಪಿನಲ್ಲಿ ಓದುವವರಿಗಾಗಿ ಈ ವ್ಯವಸ್ಥೆ ಹುಟ್ಟಿದ್ದು. ನನ್ನ ದೂರು ಇಷ್ಟೇ: ವರ್ಷದಿಂದ ವರ್ಷಕ್ಕೆ ನೀವು ಆ ತೆರಪನ್ನು ನಮ್ಮ ಕೈಯಿಂದ ತೆಗೆದುಕೊಳ್ಳುತ್ತಿದ್ದೀರಿ. ಅದು ನಿಮಗೆ ಗೊತ್ತಾಗದೆಯೇ ಆಗುತ್ತಿದೆ ಎಂದು ನಾನು ನಂಬಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕದಿಂದಲೇ ಶುರುಮಾಡುತ್ತೇನೆ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮ ಹೇಳುತ್ತದೆ. ನನಗೆ ಒಂದು ಸೆಮಿಸ್ಟರಿಗೆ ತಲಾ 4 ಕ್ರೆಡಿಟ್‌ನ ಐದು ಪತ್ರಿಕೆಗಳು. ಅಂದರೆ 20 ಕ್ರೆಡಿಟ್, 600 ಗಂಟೆ. ಆರು ತಿಂಗಳಿಗೆ 26 ವಾರ ಹಿಡಿದರೆ ವಾರಕ್ಕೆ 23 ಗಂಟೆ, ದಿನಕ್ಕೆ ಮೂರೂಕಾಲು ಗಂಟೆಯಷ್ಟು.

ಈಗ ನನ್ನ ದಿನ ನೋಡಿ. ಶಾಲೆ ಏಳು ಗಂಟೆ, ಹೋಗಿ ಬರಲು ಒಂದು ಗಂಟೆ. ಮನೆಗೆಲಸ ಐದು ಗಂಟೆ. ಇದು ನನ್ನೊಬ್ಬಳ ಮಾತಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲೇ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಕೊಡುತ್ತಾರೆ ಎಂದಿದೆ. ಮಕ್ಕಳ ಪಾಠ, ಅತ್ತೆಯ ಇನ್ಸುಲಿನ್, ಕಾಲಿನ ಗಾಯಕ್ಕೆ ಪಟ್ಟಿ ಇವಕ್ಕೆ ಎರಡು ಗಂಟೆ. ನಿದ್ದೆ ಆರು ಗಂಟೆ. ಇಪ್ಪತ್ತನಾಲ್ಕರಲ್ಲಿ ಇವೆಲ್ಲ ಕಳೆದರೆ ಉಳಿಯುವುದು ಮೂರು ಗಂಟೆ.

ನೀವು ಹಾಕಿದ ಲೆಕ್ಕಕ್ಕೂ ನನಗೆ ಉಳಿಯುವ ಹೊತ್ತಿಗೂ ಕಾಲು ಗಂಟೆಯಷ್ಟೇ ವ್ಯತ್ಯಾಸ! ಭಾನುವಾರ ಸ್ವಲ್ಪ ಹೆಚ್ಚು ಕೂತರೆ ಅದೂ ಸರಿಹೋಗುತ್ತದೆ. ಆದ್ದರಿಂದ ಪಠ್ಯ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಸಮನಾದ ಪದವಿ ಬೇಕೆಂದರೆ ಸಮನಾಗಿ ಓದಬೇಕು, ಒಪ್ಪುತ್ತೇನೆ. ಪಿಯು ಉಪನ್ಯಾಸಕಿಯಾಗಬೇಕೆಂಬ ನನ್ನಂಥವರಿಗೆ ಬರೀ ಪಾಸಾದರೆ ಸಾಲದು, ಶೇ. 55 ಅಂಕ ಬೇಕು. ಮೇಲುಮೇಲಿನ ಓದು ನನಗೂ ಬೇಡ.

ಆದರೆ ಆ 26 ವಾರಗಳು ನಮ್ಮ ಕೈಗೆ ಬರುವುದೇ ಇಲ್ಲ.

ಜುಲೈ ಆವೃತ್ತಿಯಲ್ಲಿ ನಾನು ಪ್ರವೇಶ ಪಡೆದಾಗ ಐದು ಪತ್ರಿಕೆಗಳಲ್ಲಿ ಎರಡರ ಪುಸ್ತಕ ಮಾತ್ರ ಸಿಕ್ಕಿತು. ಉಳಿದವು ಮುದ್ರಣದಲ್ಲಿವೆ ಎಂದರು. ಇನ್ನೆರಡು ಬಂದದ್ದು ಹತ್ತು ವಾರ ಕಳೆದ ಮೇಲೆ. ಅವನ್ನೂ ಅಂಚೆಯಲ್ಲಿ ಕಳಿಸಲಿಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿ ತರಬೇಕಾಯಿತು. ಒಂದು ದಿನ ಶಾಲೆಗೆ ರಜೆ ಹಾಕಿದೆ. ಅತಿಥಿ ಶಿಕ್ಷಕರಿಗೆ ರಜೆ ಎಂದರೆ ಆ ದಿನದ ಗೌರವಧನ ಹೋಯಿತು ಎಂದೇ ಅರ್ಥ. ಐದನೆಯದು ಭಾಷಾವಿಜ್ಞಾನ. ಅದರ ಪುಸ್ತಕ ಪುಸ್ತಕವಾಗಿ ಬರಲೇ ಇಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ಮೇಲೆ ಯಾರೋ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿದರು. ಓರೆಯಾಗಿ ಸ್ಕ್ಯಾನ್ ಮಾಡಿದ ಪುಟಗಳು. ಧ್ವನಿಮಾ, ಆಕೃತಿಮಾ ಎಂಬ ಮಾತುಗಳನ್ನೇ ಮೊದಲ ಸಲ ಕೇಳುತ್ತಿದ್ದವಳು ನಾನು. ಐದಿಂಚಿನ ಫೋನಿನಲ್ಲಿ ಆ ಪುಟಗಳನ್ನು ಎಳೆದೆಳೆದು ಓದಿದೆ.

ಹತ್ತು ವಾರ ಹೋದರೆ ಉಳಿಯುವುದು 16 ವಾರ. ಅದೇ 600 ಗಂಟೆ 16 ವಾರಕ್ಕೆ ಹಂಚಿದರೆ ವಾರಕ್ಕೆ ಮೂವತ್ತೇಳೂವರೆ ಗಂಟೆ. ಅದು ಒಂದು ಪೂರ್ಣಾವಧಿ ನೌಕರಿಯಷ್ಟಾಯಿತು. ತಡ ಮಾಡಿದ್ದು ಮುದ್ರಣಾಲಯವೋ, ಟೆಂಡರೋ, ಪಾಠ ಬರೆಯಬೇಕಾದ ಪ್ರಾಧ್ಯಾಪಕರೋ ನನಗೆ ತಿಳಿಯದು. ಆ ತಡದ ಬೆಲೆಯನ್ನು ಮಾತ್ರ ನನ್ನ ನಿದ್ದೆಯಿಂದ ಕಟ್ಟಿದೆ.

ನನ್ನ ಓರಗಿತ್ತಿ ಹತ್ತು ಹನ್ನೆರಡು ವರ್ಷದ ಹಿಂದೆ ವಾರ್ಷಿಕ ಪದ್ಧತಿಯಲ್ಲಿ ಎಂ.ಎ. ಮಾಡಿದರು. ಆಗಲೂ ಪುಸ್ತಕ ತಡವಾಗುತ್ತಿತ್ತಂತೆ. ಆದರೆ ಹನ್ನೆರಡು ತಿಂಗಳಲ್ಲಿ ಎರಡು ತಿಂಗಳು ಹೋದರೆ ಹತ್ತು ತಿಂಗಳು ಕೈಯಲ್ಲಿರುತ್ತಿತ್ತು. ಕಟಾವು ಮುಗಿಸಿ, ಸಂಕ್ರಾಂತಿ ಕಳೆದು, ಬೇಸಿಗೆಯಲ್ಲಿ ಕೂತು ಓದಿ ಪರೀಕ್ಷೆ ಬರೆದರು. ಸೆಮಿಸ್ಟರ್ ಬಂದ ಮೇಲೆ ಆರೇ ತಿಂಗಳು. ಅದರಲ್ಲಿ ಎರಡು ತಿಂಗಳು ಹೋದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಅರ್ಜಿ ಎರಡು ಸಲ, ಅಸೈನ್‌ಮೆಂಟ್ ಎರಡು ಸಲ. ಕಾಲೇಜಿಗೆ ದಿನವೂ ಹೋಗುವವರ ಪಂಚಾಂಗವನ್ನು ನಮ್ಮ ಗೋಡೆಗೂ ತೂಗುಹಾಕಿದಿರಿ. ಅದರ ಜೊತೆಗೆ ಬರಬೇಕಾದ ಶಿಸ್ತು ಮಾತ್ರ ನಿಮ್ಮ ಕಚೇರಿಗೆ ಬರಲಿಲ್ಲ.

ಇನ್ನು ಪರೀಕ್ಷೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ನನ್ನ ಹೊರೆ ಹೆಚ್ಚಾದದ್ದು ಇಲ್ಲಿಯೇ.

ಮೊದಲ ಸೆಮಿಸ್ಟರಿನ ಪರೀಕ್ಷೆ ಜನವರಿಯಲ್ಲಿ ಎಂದು ತಿಳಿಸಿದ್ದಿರಿ. ಸಂಸಾರಸ್ಥೆ ಪರೀಕ್ಷೆಗೆ ಹೋಗಬೇಕೆಂದರೆ ಹಾಲ್ ಟಿಕೆಟ್ ಒಂದೇ ಸಾಲದು. ಎರಡು ತಿಂಗಳ ಮೊದಲೇ ನಾವು ಮನೆಯಲ್ಲಿ ಕೂತು ಮಾತಾಡಿದೆವು. ರಾಗಿ ಕಟಾವು ಡಿಸೆಂಬರಿನೊಳಗೆ ಮುಗಿಯುತ್ತದೆ. ಜನವರಿಯಲ್ಲಿ ಹತ್ತು ದಿನ ನಾದಿನಿ ಬಂದು ಅತ್ತೆಯನ್ನು ನೋಡಿಕೊಳ್ಳುತ್ತಾರೆ. ಯಜಮಾನರು ಆ ದಿನಗಳಲ್ಲಿ ಬಾಡಿಗೆ ಒಪ್ಪುವುದಿಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಹೇಳಿ ನನ್ನ ತರಗತಿಯನ್ನು ಇನ್ನೊಬ್ಬ ಶಿಕ್ಷಕಿಗೆ ಒಪ್ಪಿಸಿದ್ದೆ. ಅವರ ಋಣವನ್ನು ನಾನು ಫೆಬ್ರವರಿಯಲ್ಲಿ ತೀರಿಸಬೇಕು ಎಂಬ ಮಾತಾಗಿತ್ತು. ಮಗಳು ಬೆಳಿಗ್ಗೆ ತಮ್ಮನಿಗೆ ತಲೆ ಬಾಚಿ ಶಾಲೆಗೆ ಕರೆದೊಯ್ಯುವುದನ್ನು ಒಂದು ವಾರ ಮೊದಲೇ ಅಭ್ಯಾಸ ಮಾಡಿಕೊಂಡಳು.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಒಂದು ಸಾಲಿನ ಪ್ರಕಟಣೆ ಬಂತು. ಅನಿವಾರ್ಯ ಕಾರಣಗಳಿಂದ ಪರೀಕ್ಷೆ ಮುಂದೂಡಲಾಗಿದೆ, ಹೊಸ ದಿನಾಂಕ ನಂತರ ತಿಳಿಸಲಾಗುವುದು. ಫೆಬ್ರವರಿಗೆ ಎಂದರು. ಅದೂ ಮುಂದೆ ಹೋಗಿ ಮಾರ್ಚ್ ಆಯಿತು.

ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಯಲ್ಲೇ ಪರೀಕ್ಷೆ. ನಾದಿನಿಯ ಮಗಳಿಗೆ ದ್ವಿತೀಯ ಪಿಯು ಪರೀಕ್ಷೆ, ಅವರು ಮನೆ ಬಿಟ್ಟು ಬರುವಂತಿಲ್ಲ. ಜನವರಿಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದ ಕಲ್ಲುಗಳೆಲ್ಲ ಕುಸಿದವು. ಮೂರನೆಯ ಪತ್ರಿಕೆಯ ದಿನ ಬೆಳಗಿನ ಜಾವ ಅತ್ತೆಗೆ ಸಕ್ಕರೆ ಇಳಿದು ಮೈಯೆಲ್ಲ ಬೆವರಿ, ಮಾತು ತೊದಲತೊಡಗಿತು. ಯಜಮಾನರು ಹಿಂದಿನ ರಾತ್ರಿಯೇ ಬಾಡಿಗೆಗೆ ಹೋಗಿದ್ದರು. ಬಾಯಿಗೆ ಸಕ್ಕರೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿನಲ್ಲಿ ಅವರ ಜೊತೆ ಕೂತೆ. ಆ ಪತ್ರಿಕೆಯಲ್ಲಿ ನಾನು ಗೈರುಹಾಜರಿ.

ಇದಕ್ಕೆ ವಿಶ್ವವಿದ್ಯಾಲಯ ಕಾರಣ ಎಂದು ನಾನು ಹೇಳುವುದಿಲ್ಲ. ಕಾಯಿಲೆ ಯಾವ ತಿಂಗಳಲ್ಲಾದರೂ ಬರುತ್ತಿತ್ತು. ಆದರೆ ಜನವರಿಯಲ್ಲಿ ಬಂದಿದ್ದರೆ ಆ ಬೆಳಿಗ್ಗೆ ಮನೆಯಲ್ಲಿ ಇನ್ನೂ ಇಬ್ಬರು ದೊಡ್ಡವರು ಇರುತ್ತಿದ್ದರು. ಒಂದು ಸಾಲಿನ ಪ್ರಕಟಣೆ ಎಷ್ಟು ಮನೆಗಳ ಎಷ್ಟು ಏರ್ಪಾಡುಗಳನ್ನು ಬಿಚ್ಚಿಹಾಕುತ್ತದೆ ಎಂಬುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬೀಳಲಿ ಎಂದೇ ಇಷ್ಟು ಬರೆದೆ.

ಭಾಷಾವಿಜ್ಞಾನದಲ್ಲಿ ನಾಲ್ಕು ಅಂಕದಿಂದ ಫೇಲಾದೆ. ಹೀಗೆ ಎರಡು ಪತ್ರಿಕೆ ಉಳಿದವು. ಮೊದಲ ಸೆಮಿಸ್ಟರಿನ ಪತ್ರಿಕೆಯನ್ನು ಮತ್ತೆ ಬರೆಯಲು ನಮ್ಮಲ್ಲಿ ಅವಕಾಶ ಒಂದು ವರ್ಷದ ನಂತರವೇ, ಅಂದರೆ ಮೂರನೇ ಸೆಮಿಸ್ಟರಿನ ಪರೀಕ್ಷೆಯ ಜೊತೆಗೆ. ಆದ್ದರಿಂದ ಈಗ ನನ್ನ ಮುಂದೆ ಏಳು ಪತ್ರಿಕೆ ಇವೆ. ಹಳೆಯ ಎರಡಕ್ಕೆ ಅರ್ಧ ಹೊತ್ತು ಸಾಕು ಎಂದು ಹಿಡಿದರೂ 720 ಗಂಟೆಯ ಓದು. ಈ ಸಲವೂ ಪುಸ್ತಕ ಹತ್ತು ವಾರ ತಡ. 16 ವಾರಕ್ಕೆ ಹಂಚಿದರೆ ವಾರಕ್ಕೆ 45 ಗಂಟೆ, ದಿನಕ್ಕೆ ಆರೂವರೆ ಗಂಟೆಯ ಹತ್ತಿರ ಬರುತ್ತದೆ. ಉಳಿಯುವ ಮೂರು ಗಂಟೆಯಲ್ಲಿ ಆರೂವರೆ ಗಂಟೆ ಹುಡುಕಬೇಕಾದರೆ ಯಾವುದನ್ನು ಬಿಡಲಿ? ಶಾಲೆಯನ್ನು ಬಿಡುವಂತಿಲ್ಲ, ಇನ್ಸುಲಿನ್ ಬಿಡುವಂತಿಲ್ಲ.

ಅಸೈನ್‌ಮೆಂಟ್ ಕೂಡ ಇದೆ. ಒಂದು ಪತ್ರಿಕೆಗೆ ಎರಡರಂತೆ, ಕೈಬರಹದಲ್ಲೇ ಬರೆಯಬೇಕು ಎಂಬ ನಿಯಮ. ಕೈಬರಹ ಇರಲಿ, ಬರೆದರೆ ವಿಷಯ ತಲೆಯಲ್ಲಿ ನಿಲ್ಲುತ್ತದೆ ಎಂಬುದು ಶಿಕ್ಷಕಿಯಾಗಿ ನನಗೂ ಗೊತ್ತು. ಮಗಳು ಪ್ರತಿ ರಾತ್ರಿ ಮಲಗುವ ಮುಂಚೆ ಹತ್ತು ಹಾಳೆಗೆ ಮಾರ್ಜಿನ್ ಗೆರೆ ಎಳೆದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾಳೆ. ಆದರೆ ಅಷ್ಟು ಕಷ್ಟಪಟ್ಟು ಬರೆದು ಕೊಟ್ಟ ಹಾಳೆಗಳು ಒಂದಾದರೂ ತಿದ್ದುಪಡಿಯೊಂದಿಗೆ ನನಗೆ ವಾಪಸ್ ಬಂದಿಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿಯದೆ ನಾನು ಪರೀಕ್ಷೆಯಲ್ಲೂ ಅದೇ ತಪ್ಪು ಬರೆದಿರಬಹುದು. ಎರಡು ಸಾಲು ಕೆಂಪು ಶಾಯಿ ಇದ್ದಿದ್ದರೆ ಆ ನಾಲ್ಕು ಅಂಕ ಬರುತ್ತಿತ್ತೇನೋ.

ಇಷ್ಟು ಹೇಳಿದರೆ ಕೆಲವರು ಸಂಸಾರವೇ ಓದಿಗೆ ಅಡ್ಡಿ ಎಂದುಕೊಳ್ಳುತ್ತಾರೆ. ಅಧ್ಯಯನ ಕೇಂದ್ರದಲ್ಲಿ ಒಬ್ಬರು ನನ್ನ ಮುಖಕ್ಕೇ ಕೇಳಿದರು: "ಇಷ್ಟೆಲ್ಲ ತಾಪತ್ರಯ ಇಟ್ಕೊಂಡು ಯಾಕ್ರೀ ಮೇಡಂ ಸೇರ್ಕೊಂಡ್ರಿ?" ಅವರಿಗೆ ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ನನಗೆ ಛಂದಸ್ಸು ಕಬ್ಬಿಣದ ಕಡಲೆ. ನಮ್ಮನ್ನು ಎದುರು ಕೂರಿಸಿ ಪಾಠ ಹೇಳುವ ಸಂಪರ್ಕ ತರಗತಿಯಲ್ಲಿ ಇಡೀ ಛಂದಸ್ಸನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿದ್ದರು. ಒಂದು ಸಂಜೆ ಅಡುಗೆಮನೆಯಲ್ಲಿ ಷಟ್ಪದಿಯ ಸಾಲುಗಳಿಗೆ ಮಾತ್ರೆ ಹಾಕಲು ಒದ್ದಾಡುತ್ತಾ ಗಟ್ಟಿಯಾಗಿ ಓದುತ್ತಿದ್ದೆ. ಒಳಮನೆಯಿಂದ ಅತ್ತೆ ಕೂಗಿದರು: "ತಾಳ ತಪ್ತಲ್ಲವ್ವ, ಅಲ್ಲಿ ಎಳೀಬಾರ್ದು." ನಾನು ಎದ್ದು ಹೋಗಿ ಕೇಳಿದೆ. ಅವರಪ್ಪ ಶ್ರಾವಣ ಮಾಸದಲ್ಲಿ ಊರ ಗುಡಿಯಲ್ಲಿ ಕಾವ್ಯ ಓದುತ್ತಿದ್ದರಂತೆ. ಅಕ್ಷರ ಕಲಿಯದ ಹುಡುಗಿ ಕಂಬಕ್ಕೆ ಒರಗಿ ಕೂತು ಕೇಳಿದ್ದಷ್ಟೇ. ಅರವತ್ತು ವರ್ಷ ಕಳೆದ ಮೇಲೂ ಭಾಮಿನಿ ಷಟ್ಪದಿಯ ನಡೆ ಅವರ ಕಿವಿಯಲ್ಲಿತ್ತು. ಮಂಚದ ಅಂಚನ್ನು ಬೆರಳಿನಿಂದ ತಟ್ಟುತ್ತಾ ಮೂರು ನಾಲ್ಕು, ಮೂರು ನಾಲ್ಕು ಎಂದು ತೋರಿಸಿಕೊಟ್ಟರು. ಮೂರನೇ ಸಾಲು ಯಾಕೆ ಉದ್ದ ಎಂದು ಕೇಳಿದ್ದಕ್ಕೆ, "ಅಲ್ಲಿ ಉಸಿರು ತಗಂಡು ನಿಲ್ಬೇಕಲ್ಲ" ಎಂದರು. ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಅವರ ಕಾಲಿಗೆ ಪಟ್ಟಿ ಕಟ್ಟುವ ಹೊತ್ತು ನನ್ನ ಛಂದಸ್ಸಿನ ಪಾಠದ ಹೊತ್ತೂ ಆಯಿತು.

ಯಜಮಾನರು ಮುದ್ದೆ ತೊಳಸುವುದನ್ನು ಕಲಿತದ್ದು ನನ್ನ ಎರಡನೇ ಸೆಮಿಸ್ಟರಿನಲ್ಲಿ. ಮೊದಮೊದಲು ಗಂಟಾಗುತ್ತಿತ್ತು, ಈಗ ಮಕ್ಕಳು ಅಪ್ಪನ ಮುದ್ದೆಯೇ ಬೇಕೆನ್ನುತ್ತಾರೆ. ಹೀಗಿರುವಾಗ ನನ್ನ ಸಂಸಾರವನ್ನು ಯಾರಾದರೂ ತಾಪತ್ರಯ ಎಂದರೆ ನನಗೆ ನೋವಾಗುತ್ತದೆ. ಈ ಓದಿನಲ್ಲಿ ಮನೆಯವರೆಲ್ಲರ ಪಾಲಿದೆ. ಒಬ್ಬಳ ಪರೀಕ್ಷೆ ಮುಂದೆ ಹೋದರೆ ಐವರ ದಿನಗಳು ಹಾಳಾಗುತ್ತವೆ ಎಂದು ನಾನು ಹೇಳುವುದು ಅದಕ್ಕೇ.

ಸಂಪರ್ಕ ತರಗತಿಗಳ ಬಗ್ಗೆಯೂ ಒಂದು ಮಾತು. ಅವನ್ನು ಜಿಲ್ಲಾ ಕೇಂದ್ರದಲ್ಲಿ ಹತ್ತು ದಿನ ಒಂದೇ ಸಮನೆ, ಕೆಲಸದ ದಿನಗಳಲ್ಲೇ, ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಇಡುತ್ತಾರೆ. ಶಕ್ತಿ ಯೋಜನೆಯಿಂದ ನಮಗೆ ಬಸ್ಸಿನ ಖರ್ಚು ತಪ್ಪಿದೆ, ಅದಕ್ಕೆ ಸರ್ಕಾರಕ್ಕೆ ಋಣಿ. ಆದರೆ ಹತ್ತು ದಿನದ ಗೌರವಧನ ಬಿಡಲಾರದೆ ಮೂರು ದಿನ ಮಾತ್ರ ಹೋದೆ. ನನ್ನ ಪಕ್ಕದಲ್ಲಿ ಕೂತಿದ್ದ ಬಸ್ ಕಂಡಕ್ಟರೊಬ್ಬರು ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದರು. ಹಳಗನ್ನಡ ಎಂದರೆ ಅವರಿಗೆ ಪ್ರಾಣ. ಮಧ್ಯಾಹ್ನದ ಹೊತ್ತಿಗೆ ಕೂತಲ್ಲೇ ನಿದ್ದೆ ಹೋದರು. ಎಬ್ಬಿಸಲು ಪಾಠ ಮಾಡುತ್ತಿದ್ದವರಿಗೂ ಮನಸ್ಸು ಬರಲಿಲ್ಲ.

ಪರೀಕ್ಷೆಯ ಕೊಠಡಿಯಲ್ಲಿ ಕಂಡದ್ದನ್ನು ಮಾತ್ರ ನಾನು ಮರೆಯಲಾರೆ. ಎರಡನೇ ಸೆಮಿಸ್ಟರಿನ ಪರೀಕ್ಷೆ. ನನ್ನ ಮುಂದಿನ ಬೆಂಚಿನಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷದ ಹುಡುಗಿ. ಏಳು ತಿಂಗಳ ಕೂಸನ್ನು ಗಂಡನ ಕೈಗೆ ಕೊಟ್ಟು ಒಳಗೆ ಬಂದಿದ್ದಳು. ಅವನು ಹೊರಗೆ ಹೊಂಗೆ ಮರದ ಕೆಳಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಒಂದು ಗಂಟೆ ಕಳೆದಿತ್ತು, ಮಗು ಅಳಲು ಶುರುಮಾಡಿತು. ಕಿಟಕಿಯಿಂದ ಕೇಳಿಸುತ್ತಿತ್ತು. ಆ ಹುಡುಗಿ ಬರೆಯುತ್ತಲೇ ಇದ್ದಳು, ಕಣ್ಣೊರೆಸಿಕೊಳ್ಳುತ್ತಾ ಬರೆಯುತ್ತಿದ್ದಳು. ಎದ್ದು ಹೋಗಿ, ಹತ್ತು ನಿಮಿಷ ಹಾಲು ಕುಡಿಸಿ ಬರುತ್ತೇನೆ ಎಂದು ಕೇಳಿಕೊಂಡಳು. ಮೇಲ್ವಿಚಾರಕರು ಕಲ್ಲು ಮನಸ್ಸಿನವರಲ್ಲ. ಮುಖ ಸಣ್ಣದು ಮಾಡಿಕೊಂಡು, ಹೊರಗೆ ಹೋದರೆ ಮತ್ತೆ ಒಳಗೆ ಬಿಡಲು ನಿಯಮವಿಲ್ಲಮ್ಮ ಎಂದರು. ಇನ್ನೂ ಮುಕ್ಕಾಲು ಗಂಟೆ ತಡೆದಳು. ಕೊನೆಗೆ ಅರ್ಧಂಬರ್ಧ ಬರೆದ ಉತ್ತರ ಪತ್ರಿಕೆ ಕೊಟ್ಟು ಓಡಿದಳು. ಅವಳ ಸೀರೆಯ ಸೆರಗು ಒದ್ದೆಯಾಗಿತ್ತು. ಎರಡು ಮಕ್ಕಳ ತಾಯಿಯಾದ ನನಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಈ ಸೆಮಿಸ್ಟರಿನ ಸಂಪರ್ಕ ತರಗತಿಗೆ ಅವಳು ಬಂದಿರಲಿಲ್ಲ.

ಮಾನ್ಯರೆ, ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲನೆಯದು, ಒಂದು ಸೆಮಿಸ್ಟರಿನಲ್ಲಿ ಎಷ್ಟು ಪತ್ರಿಕೆ ತೆಗೆದುಕೊಳ್ಳಬೇಕು ಎಂಬ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಡಿ. ಐದು ಮಾಡಬಲ್ಲವರು ಐದು ಮಾಡಲಿ. ಮನೆಯಲ್ಲಿ ಬಾಣಂತನ, ಕಾಯಿಲೆ, ಕಟಾವು ಇರುವವರು ಮೂರು ತೆಗೆದುಕೊಂಡು ಮೂರಕ್ಕೆ ಮಾತ್ರ ಶುಲ್ಕ ಕಟ್ಟಲಿ. ಇಗ್ನೋದಲ್ಲಿ ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆ ನಡೆಯುತ್ತದೆ, ಯಾವ ವಿಷಯಕ್ಕೆ ಸಿದ್ಧವಾಗಿದ್ದೇವೋ ಅದಕ್ಕೆ ಮಾತ್ರ ಅರ್ಜಿ ಹಾಕಬಹುದು. ಒಬ್ಬರು ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದು 2022ರ ಏಪ್ರಿಲ್‌ನಲ್ಲಿ ಯುಜಿಸಿ ಅವಕಾಶ ಕೊಟ್ಟಿತು. ಶಕ್ತಿ ಇದ್ದವರಿಗೆ ಅದು ಒಳ್ಳೆಯದೇ. ಎರಡರ ಭಾರ ಹೊರಲು ದಾರಿ ಮಾಡಿಕೊಟ್ಟವರು ಒಂದರ ಭಾರವನ್ನು ನಿಧಾನವಾಗಿ ಹೊರಲೂ ದಾರಿ ಮಾಡಿಕೊಡಬಹುದಲ್ಲವೇ? ಎರಡು ವರ್ಷದ ಕೋರ್ಸು ಮುಗಿಸಲು ನೀವೇ ನಾಲ್ಕು ವರ್ಷದ ಗಡುವು ಕೊಟ್ಟಿದ್ದೀರಿ. ಆ ನಾಲ್ಕು ವರ್ಷ ಈಗ ಫೇಲಾದವರಿಗೆ ಮಾತ್ರ ಸಿಗುತ್ತಿದೆ. ಮೊದಲೇ ಯೋಚಿಸಿ ನಿಧಾನವಾಗಿ ಓದಲು ಬಯಸುವವರಿಗೂ ಅದು ಸಿಗಲಿ. ಹಾಗೆಯೇ ಉಳಿದುಹೋದ ಪತ್ರಿಕೆಯನ್ನು ಆರು ತಿಂಗಳಲ್ಲಿ ಮತ್ತೆ ಬರೆಯಲು ಬಿಡಿ. ಒಂದು ವರ್ಷ ಕಾಯಿಸಿದರೆ ಓದಿದ್ದು ಮರೆತೇ ಹೋಗುತ್ತದೆ, ಹೊರೆಯೂ ಒಟ್ಟಿಗೆ ಬೀಳುತ್ತದೆ.

ಪುಸ್ತಕ ಕೈಸೇರದ ಪತ್ರಿಕೆಗೆ ಸೆಮಿಸ್ಟರ್ ಶುರುವಾಗಿದೆ ಎಂದು ಎಣಿಸಬೇಡಿ. ಕೊನೆಯ ಪುಸ್ತಕ ವಿದ್ಯಾರ್ಥಿಗೆ ತಲುಪಿದ ದಿನದಿಂದ ಪರೀಕ್ಷೆಗೆ ಕನಿಷ್ಠ 20 ವಾರ ಇರಲಿ. ಅಚ್ಚು ತಡವಾಗುವುದಾದರೆ ಪಾಠಗಳನ್ನು ಓದಲು ಬರುವಂಥ ಪಿಡಿಎಫ್ ಆಗಿ ಮೊದಲ ದಿನವೇ ಜಾಲತಾಣಕ್ಕೆ ಹಾಕಿ. ಇಗ್ನೋ ತನ್ನ ಪಾಠಗಳನ್ನು ಇ-ಜ್ಞಾನಕೋಶದಲ್ಲಿ ಯಾರು ಬೇಕಾದರೂ ಓದುವಂತೆ ಬಿಟ್ಟಿದೆ. ಕನ್ನಡದಲ್ಲಿ ಓದುವ ನಮಗೂ ಅಂಥದ್ದು ಬೇಕು. ಸಂಪರ್ಕ ತರಗತಿಗಳನ್ನು ಭಾನುವಾರ ಮತ್ತು ಎರಡನೇ ಶನಿವಾರಗಳಿಗೆ ಹಂಚಿ, ಸಾಧ್ಯವಾದರೆ ತಾಲ್ಲೂಕು ಕೇಂದ್ರದಲ್ಲಿ ನಡೆಸಿ; ಪಾಠದ ಧ್ವನಿಯನ್ನಾದರೂ ಮುದ್ರಿಸಿ ಕೊಡಿ. ಕಾಯಿಪಲ್ಯ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತೇವೆ.

ಪರೀಕ್ಷೆಯ ದಿನಾಂಕವನ್ನು 45 ದಿನ ಮೊದಲು ಪ್ರಕಟಿಸಿ, ಪ್ರಕಟಿಸಿದ ಮೇಲೆ ಬದಲಿಸಬೇಡಿ. ಬದಲಿಸಲೇಬೇಕಾದ ಸಂದರ್ಭ ಬಂದರೆ ಕಾರಣ ಏನೆಂದು ತಿಳಿಸಿ, ಹೊಸ ದಿನಾಂಕವನ್ನೂ ಅದೇ ಪ್ರಕಟಣೆಯಲ್ಲಿ ಕೊಡಿ. ಅನಿವಾರ್ಯ ಕಾರಣ ಎಂಬ ಮಾತು ನಮ್ಮ ಮನೆಗಳಲ್ಲೂ ಇರುತ್ತದೆ. ಆದರೆ ಅದನ್ನು ಬರೆದು ಕೊಟ್ಟರೆ ನೀವು ಗೈರುಹಾಜರಿಯನ್ನು ಅಳಿಸುವುದಿಲ್ಲ.

ಮತ್ತು ಪ್ರತಿ ಪರೀಕ್ಷಾ ಕೇಂದ್ರದಲ್ಲಿ ಎಳೆಗೂಸಿನ ತಾಯಂದಿರಿಗೆ ಒಂದು ಕೋಣೆ ಕೊಡಿ. ಒಬ್ಬ ಮಹಿಳಾ ಸಿಬ್ಬಂದಿಯ ಜೊತೆಯಲ್ಲಿ ಹೋಗಿ ಹಾಲು ಕುಡಿಸಿ ಬರಲು, ಆ ಹೊತ್ತನ್ನು ಕೊನೆಯಲ್ಲಿ ಸೇರಿಸಿಕೊಡಲು ಒಂದು ಸುತ್ತೋಲೆ ಸಾಕು. ಹಣ ಬೇಕಾಗಿಲ್ಲ. ನನ್ನ ಉಳಿದ ಕೋರಿಕೆಗಳಿಗೆ ಸಮಿತಿ, ಸಭೆ, ಅನುಮೋದನೆ ಎಂದು ಸಮಯ ಹಿಡಿಯಬಹುದು. ಇದೊಂದನ್ನು ಬರುವ ಪರೀಕ್ಷೆಯೊಳಗೇ ಮಾಡಬಹುದು. ಮೇಲ್ವಿಚಾರಕರು ಅಂದು ಹೇಳಿದ ಆ ಇಲ್ಲದ ನಿಯಮವನ್ನು ಬರೆದುಕೊಡಿ.

ಅಧ್ಯಯನ ಕೇಂದ್ರದ ಸಿಬ್ಬಂದಿಯ ಕಷ್ಟವೂ ನನಗೆ ಕಾಣುತ್ತದೆ. ನಾವು ಹೋಗುವ ಕೇಂದ್ರದಲ್ಲಿ ಇರುವವರೇ ಮೂವರು. ಪ್ರವೇಶ, ಪುಸ್ತಕ, ಅಸೈನ್‌ಮೆಂಟ್, ಅಂಕಪಟ್ಟಿ ಎಲ್ಲವೂ ಅವರ ಮೇಲೆಯೇ. ನಮ್ಮ ಕೋಪ ಮೊದಲು ಬೀಳುವುದು ಅವರ ಮೇಲೆ, ಆದರೆ ದಿನಾಂಕ ಬದಲಿಸಿದವರು ಅವರಲ್ಲ. ಅವರಿಗೆ ಇನ್ನಿಬ್ಬರನ್ನು ಕೊಟ್ಟರೂ ನಮಗೆ ಉಪಕಾರವಾಗುತ್ತದೆ.

ಮೊನ್ನೆ ಮಗಳು ಕ್ಯಾಲೆಂಡರಿನಲ್ಲಿ ನನ್ನ ಏಳು ಪತ್ರಿಕೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಳು. ಪೆನ್ನಿನಲ್ಲಿ ಬರೆಯಬಾರದೇನೇ ಎಂದೆ. "ಮತ್ತೆ ಅಳಿಸ್ಬೇಕಾಗುತ್ತಲ್ಲಮ್ಮ" ಎಂದಳು. ಅವಳಿಗಿನ್ನೂ ಹದಿಮೂರು ವರ್ಷ. ವಿಶ್ವವಿದ್ಯಾಲಯದ ಬಗ್ಗೆ ಅವಳು ಕಲಿತಿರುವ ಮೊದಲ ವಿಷಯ ಇದಾಗಬಾರದಿತ್ತು.

ನಾಲ್ಕನೇ ಸೆಮಿಸ್ಟರಿನ ಪುಸ್ತಕಗಳು ಯಾವ ದಿನ ಸಿಗುತ್ತವೆ, ಪರೀಕ್ಷೆ ಯಾವ ವಾರ ಎಂಬ ಎರಡು ದಿನಾಂಕಗಳನ್ನು ದಯವಿಟ್ಟು ತಿಳಿಸಿ. ನಾದಿನಿಗೆ ಹೇಳಿಡಬೇಕು, ಶಾಲೆಯಲ್ಲಿ ಕೇಳಿಕೊಳ್ಳಬೇಕು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಶಿಕ್ಷಕಿ,
ಎಂ.ಎ. (ಕನ್ನಡ) ಮೂರನೇ ಸೆಮಿಸ್ಟರ್,
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ